ನೀರು ಬಿಡುವವನು

(ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಾರುಹುಣ್ಣು ಎಂಬ ಹೆಸರು ಕೇಳಿದವರು ಎಷ್ಟು ಜನ ಇದ್ದೀರಿ? ನಾಲ್ಕು ಕೈಗಳು ಎದ್ದವು. ನಾಲ್ಕೂ ಹಿಂದಿನ ಸಾಲಿನವು, ತಲೆ ನರೆತವರವು. ಮುಂದೆ ಕುಳಿತ ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೀರಿ. ನನಗಂತೂ ಇದನ್ನು ಕಂಡು ಸಂತೋಷವಾಯಿತು. ಒಂದು ರೋಗ ತೊಲಗಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ನನ್ನ ಸೋದರಮಾವ ಮುಂಗಾರು ಬಿತ್ತನೆಯ ಹೊತ್ತಿಗೆ ಸರಿಯಾಗಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿರುತ್ತಿದ್ದ. ಮೀನಖಂಡದ ಕೆಳಗೆ ಒಂದು ಹುಣ್ಣು. ಹುಣ್ಣಿನ ಬಾಯಿಯಿಂದ ಬಿಳಿ ದಾರದಂಥ ಹುಳು ಹೊರಗೆ ಇಣುಕುತ್ತಿತ್ತು. ಅದರ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯುತ್ತಿದ್ದರು. ಅವಸರ ಮಾಡಿದರೆ ಹುಳು ಒಳಗೇ ತುಂಡಾಗಿ ಕಾಲೆಲ್ಲ ಕೀವು ತುಂಬುತ್ತಿತ್ತು. ಹುಳುವಿನ ಉದ್ದ ಎರಡು ಮೂರು ಅಡಿ. ಎಷ್ಟು ದಿನ ಹಿಡಿಯುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಭೂಮಿಯ ಹದ ಆರಿ ಹೋಗಿರುತ್ತಿತ್ತು.

ಈ ಹುಳು ಬರುತ್ತಿದ್ದದ್ದು ಮೆಟ್ಟಿಲು ಬಾವಿಯಿಂದ. ಹುಣ್ಣಿರುವವನು ಕೊಡ ತುಂಬಿಸಲು ಮೆಟ್ಟಿಲಿಳಿದು ನೀರಿಗೆ ಕಾಲಿಡುತ್ತಾನೆ. ತಣ್ಣೀರು ತಾಕಿದೊಡನೆ ಉರಿ ಶಮನವಾಗುತ್ತದೆ, ಹುಳು ಅದೇ ಗಳಿಗೆಯಲ್ಲಿ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ನೀರುಚಿಗಟ ಆ ಮರಿಗಳನ್ನು ನುಂಗುತ್ತದೆ. ಆ ಚಿಗಟವಿರುವ ನೀರನ್ನು ನಾವು ಕುಡಿಯುತ್ತೇವೆ. ಸುಮಾರು ಒಂದು ವರ್ಷಕ್ಕೆ ಇನ್ನೊಬ್ಬರ ಕಾಲಿನಲ್ಲಿ ಹುಣ್ಣು. ಇದಕ್ಕೆ ಲಸಿಕೆ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಹುಣ್ಣಿರುವವರು ಬಾವಿಗೆ ಇಳಿಯಬೇಡಿ, ಮೆಟ್ಟಿಲು ಮುಚ್ಚಿ ರಾಟೆ ಹಾಕಿ, ಸಾಧ್ಯವಾದ ಕಡೆ ಬೋರಿಂಗು ಹಾಕಿ. ಇಷ್ಟೇ ಮದ್ದು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಎಂಬತ್ತರ ದಶಕದಿಂದ ಇದನ್ನೇ ಪಟ್ಟು ಹಿಡಿದು ಮಾಡಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈ ತಿಂಗಳಲ್ಲಿ, ರಾಜಸ್ಥಾನದ ಜೋಧಪುರದ ಕಡೆ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಎಂದು ಬರೆದುಕೊಟ್ಟಿತು.

ಈ ಕಥೆಯಿಂದಲೇ ಏಕೆ ಶುರು ಮಾಡಿದೆ ಎಂದರೆ, ಕುಡಿಯುವ ನೀರಿನ ಕೆಲಸದಲ್ಲಿ ನಾನು ಎಂಜಿನಿಯರಾಗಿ 31 ವರ್ಷ ಕಳೆದಿದ್ದೇನೆ, ಪೂರ್ತಿ ಗೆದ್ದದ್ದು ಎಂದು ಎದೆ ತಟ್ಟಿ ಹೇಳಬಹುದಾದದ್ದು ಇದೊಂದೇ. ಅದನ್ನೂ ಗೆದ್ದದ್ದು ಎಂಜಿನಿಯರುಗಳಲ್ಲ. ಮನೆ ಮನೆಗೆ ಹೋಗಿ ಸೋಸುವ ಬಟ್ಟೆ ಕೊಟ್ಟು, ಮುಂದಿನ ವಾರ ಮತ್ತೆ ಹೋಗಿ "ಎಲ್ಲಿ, ಬಟ್ಟೆ ತೋರಿಸಿ" ಎಂದು ಕೇಳಿದ ಆರೋಗ್ಯ ಕಾರ್ಯಕರ್ತೆಯರು. ಬಟ್ಟೆ ಕೊಟ್ಟದ್ದಕ್ಕಿಂತ ಆ ಎರಡನೆಯ ಭೇಟಿ ದೊಡ್ಡದು. ನನ್ನ ಇಡೀ ಮಾತು ಆ ಎರಡನೆಯ ಭೇಟಿಯ ಸುತ್ತಲೇ ಇರುತ್ತದೆ, ಅಲ್ಲಲ್ಲಿ ದಾರಿ ತಪ್ಪಿದರೆ ಸಹಿಸಿಕೊಳ್ಳಿ.

ಬೋರಿಂಗು ಎಂದೆ. ನಿಮ್ಮೂರಿನ ಶಾಲೆಯ ಮುಂದೆ ಈಗಲೂ ಒಂದು ನಿಂತಿರಬಹುದು, ಹಿಡಿಕೆ ಇಲ್ಲದೆ, ಎಮ್ಮೆ ಕಟ್ಟುವ ಗೂಟವಾಗಿ. 1966–67ರ ಬಿಹಾರದ ಬರದ ಕಾಲದಲ್ಲಿ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಯುನಿಸೆಫ್ ತರಿಸಿಕೊಟ್ಟಿತು. ಬಂಡೆ ಕೊರೆಯುವುದು ಸುಲಭವಾಯಿತು. ಮೇಲೆ ಕೂರಿಸಿದ ಕೈಪಂಪುಗಳು ಮಾತ್ರ ಒಂದೆರಡು ವರ್ಷದಲ್ಲಿ ಕೆಟ್ಟು ಕೂತವು. ಅವು ಒಂದು ಮನೆಯ ಬಳಕೆಗೆ ಎಂದು ಮಾಡಿದ ಎರಕದ ಕಬ್ಬಿಣದ ಪಂಪುಗಳು. ನಾವು ಅದಕ್ಕೆ ಇಡೀ ಊರನ್ನು ಜೋತು ಹಾಕಿದೆವು. ಆಮೇಲೆ ಸೊಲ್ಲಾಪುರದಲ್ಲಿ ಬಳಕೆಯಲ್ಲಿದ್ದ ಗಟ್ಟಿಮುಟ್ಟಾದ ಒಂದು ಪಂಪನ್ನು ಮಾದರಿಯಾಗಿ ಇಟ್ಟುಕೊಂಡು ಎಪ್ಪತ್ತರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಬಂತು. ಜಗತ್ತಿನ ಎಷ್ಟೋ ಬಡ ದೇಶಗಳಿಗೆ ಇಲ್ಲಿಂದಲೇ ಹೋದ ಪಂಪು ಅದು. ನಾನು ಅದರ ಭಕ್ತ.

ಭಕ್ತನಾದರೂ ಅದರ ಐಬು ಹೇಳಬೇಕು. ಅದರ ಹೊಟ್ಟೆಯೊಳಗೆ ಒಂದು ವಾಷರ್ ಇದೆ. ಮೊದಲು ಚರ್ಮದ್ದು, ಆಮೇಲೆ ರಬ್ಬರಿನದು. ಬೆಲೆ ಜುಜುಬಿ. ಅದು ಸವೆದರೆ ನೀರು ಮೇಲೆ ಬರುವುದಿಲ್ಲ. ಆ ವಾಷರ್ ಬದಲಿಸಲು ಮಾರ್ಕ್ 2ರಲ್ಲಿ ಇಡೀ ಪೈಪಿನ ಸಾಲನ್ನೇ ಮೇಲೆತ್ತಬೇಕು. ಅದಕ್ಕೆ ವಿಶೇಷ ಸಲಕರಣೆ, ನಾಲ್ಕು ಜನ, ಒಂದು ಜೀಪು ಬೇಕು. ಜೀಪು ತಾಲ್ಲೂಕು ಕೇಂದ್ರದಲ್ಲಿರುತ್ತದೆ. ಜೀಪಿಗೆ ಡೀಸೆಲ್ ಇರುವುದಿಲ್ಲ. ಹೀಗೆ ಒಂದು ವಾಷರ್‌ಗಾಗಿ ಮೂರು ತಿಂಗಳು ಹೆಂಗಸರು ಒಂದೂವರೆ ಮೈಲಿ ನಡೆದದ್ದನ್ನು ನಾನು ನೋಡಿದ್ದೇನೆ. ಇದನ್ನು ಅರಿತೇ ಮಾರ್ಕ್ 3 ಮಾಡಿದರು. ಅದರಲ್ಲಿ ಪೈಪು ಎತ್ತದೆ ಒಳಗಿನ ಸರಳನ್ನು ಮಾತ್ರ ಎಳೆದು, ಊರಿನವರೇ ವಾಷರ್ ಹಾಕಬಹುದು. ಯಂತ್ರವನ್ನು ರೂಪಿಸುವಾಗಲೇ ರಿಪೇರಿ ಮಾಡುವವನ ಕೈಯನ್ನು ನೆನೆದ ಅಪರೂಪದ ಉದಾಹರಣೆ ಇದು. ಆದರೆ ಮಾರ್ಕ್ 3 ನಮ್ಮ ಕಡೆ ಅಷ್ಟಾಗಿ ಹರಡಲೇ ಇಲ್ಲ. ಅಷ್ಟರಲ್ಲಿ ಮೋಟಾರು ಬಂದಿತ್ತು, ಬೀದಿ ಬದಿಯ ನೀರಿನ ಟ್ಯಾಂಕು, ಅಂದರೆ ಸಿಸ್ಟನ್ನು ಬಂದಿತ್ತು, ಕೈಪಂಪು ಒತ್ತುವುದು ಬಡವರ ಲಕ್ಷಣವಾಗಿತ್ತು.

ಬಾವಿ ಬಿಟ್ಟು ಬೋರಿಗೆ ಬಂದೆವು. ಹುಳುವಿನಿಂದ ತಪ್ಪಿಸಿಕೊಂಡು ಕಲ್ಲಿನ ಕೈಗೆ ಸಿಕ್ಕಿಬಿದ್ದೆವು. ಪಾವಗಡ, ಶಿರಾ, ಚಳ್ಳಕೆರೆ, ಬಾಗೇಪಲ್ಲಿ, ಅತ್ತ ಮುಂಡರಗಿ, ಈ ಊರುಗಳ ಹೆಸರು ಹೇಳಿದರೆ ಫ್ಲೋರೈಡ್ ಎಂಬ ಪದ ತಾನಾಗಿ ಬರುತ್ತದೆ. ಫ್ಲೋರೈಡ್ ಯಾವ ಕಾರ್ಖಾನೆಯೂ ಸುರಿದ ವಿಷವಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಬಂಡೆಯಲ್ಲೇ ಇದೆ. ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಮೂವತ್ತು ಅಡಿಯ ತೆರೆದ ಬಾವಿಯಲ್ಲಿ ಹೋದ ವರ್ಷದ ಮಳೆ ನೀರಿರುತ್ತದೆ. ಸಾವಿರ ಅಡಿಯ ಬೋರಿನಲ್ಲಿ ಇರುವುದು ಯಾವ ಕಾಲದ ನೀರೋ.

ಇಲ್ಲೊಂದು ವಿಚಿತ್ರವಿದೆ. ಒಳ್ಳೆಯ ನೀರು ಯಾವುದು ಎಂದು ನಮ್ಮ ಅಜ್ಜಿಯರು ಪರೀಕ್ಷಿಸುತ್ತಿದ್ದದ್ದು ಬೇಳೆಯಿಂದ. ಬೇಳೆ ಬೇಗ ಬೆಂದರೆ ಸಿಹಿ ನೀರು, ಬೇಯದಿದ್ದರೆ ಸಪ್ಪೆ ನೀರು, ಗಡಸು ನೀರು. ಗಡಸು ಎಂದರೆ ಸುಣ್ಣದಂಶ. ಸುಣ್ಣದಂಶ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲಲಾರದು, ಎರಡೂ ಕೂಡಿ ಗಟ್ಟಿಯಾಗಿ ಬೇರೆಯಾಗುತ್ತವೆ. ಸುಣ್ಣ ಕಡಿಮೆಯಿದ್ದು ಸೋಡದ ಅಂಶ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡ್ ಆರಾಮವಾಗಿ ಕರಗಿಕೊಂಡಿರುತ್ತದೆ, ಬೇಳೆಯೂ ಚೆನ್ನಾಗಿ ಬೇಯುತ್ತದೆ. ಅಜ್ಜಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರೇ ಮೊಮ್ಮಗನ ಹಲ್ಲನ್ನು ಕಂದಾಗಿಸಿತು. ಅಜ್ಜಿಯ ತಪ್ಪಲ್ಲ. ಅವಳ ಕಾಲದ ಬಾವಿಗೆ ಆ ಪರೀಕ್ಷೆ ಸಾಕಾಗಿತ್ತು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನಮ್ಮ ದೇಶದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲಿನ ಗೆರೆಗಳು ಮೂಡುವುದು ಬಾಲ್ಯದಲ್ಲಿ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ. ದೊಡ್ಡವನಾದ ಮೇಲೆ ಒಳ್ಳೆಯ ನೀರು ಕುಡಿದರೂ ಆ ಗೆರೆ ಅಳಿಯುವುದಿಲ್ಲ. ಹಲವು ವರ್ಷ ಹೆಚ್ಚಿನ ಪ್ರಮಾಣ ಒಳಗೆ ಹೋದರೆ ಮೂಳೆ, ಕೀಲು, ಬೆನ್ನು. ಹೊಲದಲ್ಲಿ ಬಗ್ಗಿದವರು ನೇರವಾಗಲು ಗೋಡೆ ಹಿಡಿಯಬೇಕು. ನಲವತ್ತಕ್ಕೇ ಮುದುಕರಂತೆ ಕಾಣುವ ಆ ಜನ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಂಡು ಅದನ್ನು ಅದೇ ನೀರಿನಲ್ಲಿ ನುಂಗುತ್ತಿದ್ದರು. ಹಲ್ಲಿನ ಬಣ್ಣ ನೋಡಿ ಮದುವೆಯ ಮಾತು ಮುರಿದದ್ದನ್ನೂ ಕೇಳಿದ್ದೇನೆ.

ಇದಕ್ಕೆ ನಾವು ತಂದ ಉತ್ತರ ನಿಮಗೆಲ್ಲ ಗೊತ್ತು: ಶುದ್ಧ ಕುಡಿಯುವ ನೀರಿನ ಘಟಕ. ನೀಲಿ ಬಣ್ಣದ ಪುಟ್ಟ ಕಟ್ಟಡ, ಐದು ರೂಪಾಯಿ ನಾಣ್ಯ, ಇಪ್ಪತ್ತು ಲೀಟರಿನ ಕ್ಯಾನ್. ಒಳಗಿನ ಪೊರೆಯ ಮೂಲಕ ನೀರನ್ನು ಒತ್ತಡದಿಂದ ನೂಕಿದರೆ ಲವಣಗಳು ಹಿಂದೆ ಉಳಿದು ನೀರು ಮುಂದೆ ಬರುತ್ತದೆ, ಫ್ಲೋರೈಡ್ ಬಹುಪಾಲು ಹೋಗುತ್ತದೆ. ಯಂತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಿಂದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ನೀವು ತುಂಬಿಸಿದ ಕ್ಯಾನಿನಷ್ಟೇ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು ನೀರು ಲವಣಗಳನ್ನೆಲ್ಲ ಹೊತ್ತು ಹಿತ್ತಲಿನ ಚರಂಡಿಗೆ ಹೋಗುತ್ತದೆ. ಚರಂಡಿಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಅದೇ ಬೋರಿಗೆ. ನೀರಿಲ್ಲದ ಊರಿನಲ್ಲಿ ನೀರು ಚೆಲ್ಲಿ ನೀರು ಶುದ್ಧ ಮಾಡುವ ಲೆಕ್ಕ.

ಇನ್ನೊಂದು ಸಂಗತಿಯನ್ನು ನಾನೇ ಬಹಳ ತಡವಾಗಿ ಕಂಡುಕೊಂಡೆ. ಒಂದು ಊರಿನಲ್ಲಿ ಘಟಕ ಚೆನ್ನಾಗಿ ನಡೆಯುತ್ತಿತ್ತು. ಊಟಕ್ಕೆ ಕರೆದರು, ಹೋದೆ. ಕುಡಿಯಲು ಕ್ಯಾನಿನ ನೀರು ಕೊಟ್ಟರು. ಅಡುಗೆ ಮನೆಯಲ್ಲಿ ಸಾರು ಕುದಿಯುತ್ತಿತ್ತು. ಯಾವ ನೀರಿನಲ್ಲಿ ಎಂದು ಕೇಳಿದೆ. "ಅಡುಗೆಗೆ ಸಿಸ್ಟನ್ನಿನ ನೀರೇ ಸ್ವಾಮಿ, ಘಟಕದ ನೀರಿನಲ್ಲಿ ಮುದ್ದೆ ತಿರುವಿದರೆ ದಿನಕ್ಕೆ ಹತ್ತು ರೂಪಾಯಿ ಎಲ್ಲಿಂದ ತರುವುದು?" ಎಂದರು ಆ ತಾಯಿ. ಅವರ ಮಾತು ನ್ಯಾಯವೇ. ಅನ್ನ, ಮುದ್ದೆ, ಸಾರು, ಚಹಾ ಎಲ್ಲದರಲ್ಲೂ ಬೋರಿನ ನೀರೇ ಹೊಟ್ಟೆಗೆ ಹೋಗುತ್ತದೆ. ಘಟಕ ಕಟ್ಟಿದ ನಾವು ಲೋಟವನ್ನು ಮಾತ್ರ ಲೆಕ್ಕ ಹಾಕಿದ್ದೆವು, ಪಾತ್ರೆಯನ್ನು ಮರೆತಿದ್ದೆವು.

ಮತ್ತೆ ಬೀಗ ಬಿದ್ದ ಘಟಕಗಳ ವಿಷಯ. ನಾನು ತುಂಬಬೇಕಿದ್ದ ನಮೂನೆಯಲ್ಲಿ "ಪೂರ್ಣಗೊಂಡ ಕಾಮಗಾರಿ" ಎಂಬ ಅಂಕಣವಿತ್ತು. ಇಂದು ಬೆಳಿಗ್ಗೆ ನೀರು ಬಂತೇ ಎಂದು ಕೇಳುವ ಅಂಕಣ ಇರಲಿಲ್ಲ. ಟೇಪು ಕತ್ತರಿಸಿದ ದಿನ ಕಾಮಗಾರಿ ಪೂರ್ಣ. ಒಂದು ಘಟಕ ಹತ್ತು ತಿಂಗಳು ಮುಚ್ಚಿತ್ತು, ಕಾರಣ ಸೋಸುವ ಫಿಲ್ಟರುಗಳನ್ನು ಬದಲಿಸದೆ ಪೊರೆ ಕಟ್ಟಿಕೊಂಡದ್ದು. ಫಿಲ್ಟರು ಬದಲಿಸುವುದು ಯಾರು ಎಂಬ ಬಗ್ಗೆ ಗುತ್ತಿಗೆದಾರ ಪಂಚಾಯಿತಿಯತ್ತ, ಪಂಚಾಯಿತಿ ನಮ್ಮತ್ತ, ನಾವು ಗುತ್ತಿಗೆದಾರನತ್ತ ಕಾಗದ ಬರೆದುಕೊಂಡೆವು. ಆ ಹತ್ತು ತಿಂಗಳೂ ನನ್ನ ನಮೂನೆಯಲ್ಲಿ ಆ ಘಟಕ "ಪೂರ್ಣ" ಎಂದೇ ಇತ್ತು. ಸಹಿ ನನ್ನದೇ.

ಇಲ್ಲಿ ಒಂದು ಕ್ಷಣ ಪಕ್ಕಕ್ಕೆ ಹೋಗುತ್ತೇನೆ. ನಿಮ್ಮ ಮನೆಗೆ ಟೈ ಕಟ್ಟಿದ ಹುಡುಗನೊಬ್ಬ ಬಂದು ಎರಡು ಲೋಟ ಇಟ್ಟು, ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಯಂತ್ರದ ನೀರು ಹಾಕಿ, ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಅದ್ದಿದ್ದಾನೆಯೇ? ನಿಮ್ಮ ನೀರು ಕಂದು ಬಗ್ಗಡವಾಗುತ್ತದೆ, ಅವನದು ತಿಳಿಯಾಗಿಯೇ ಇರುತ್ತದೆ. ಮನೆಯವರು ಹೌಹಾರಿ ಯಂತ್ರ ಕೊಳ್ಳುತ್ತಾರೆ. ಆ ಬಗ್ಗಡ ನೀರಿನದಲ್ಲ, ಕಡ್ಡಿಯ ಕಬ್ಬಿಣ ಕರಗಿದ್ದು. ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಹರಿಯುವುದೇ ಕಷ್ಟ. ಅವನ ಯಂತ್ರದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅದ್ದಲು ಹೇಳಿ, ಹುಡುಗ ಚಪ್ಪಲಿ ಹುಡುಕುತ್ತಾನೆ. ಜೇಬಿನಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಕೂಡ ಅಷ್ಟೇ. ಒಟ್ಟು ಲವಣ ಎಷ್ಟು ಎಂದು ಅಂದಾಜು ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ನೀರಿನಲ್ಲಿ ರೋಗಾಣು ಇದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಚರಂಡಿ ಬೆರೆತ ಮಳೆ ನೀರಿಗೂ ಅದು ಒಳ್ಳೆಯ ಅಂಕ ಕೊಟ್ಟೀತು.

ಈಗ ಮನೆ ನಲ್ಲಿಯ ಕಾಲ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ಆರು ಮನೆಗಳಲ್ಲಿ ಒಂದಕ್ಕೆ ಮಾತ್ರ ನಲ್ಲಿಯಿತ್ತು. ನಮ್ಮಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರಿಟ್ಟರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಗುರಿ. ನಲ್ಲಿಗಳು ಬಂದಿವೆ, ಸುಳ್ಳಲ್ಲ. ನಲ್ಲಿಯಲ್ಲಿ ನೀರು ಎಂದಾಗ ನಾನು ಕೇಳುವುದು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಎಂದು.

ಏಕೆಂದರೆ ನಲ್ಲಿಯ ನೀರು ಕೆಡುವುದು ನೀರು ಬರುವಾಗ ಅಲ್ಲ, ನಿಂತಾಗ. ಪೈಪಿನಲ್ಲಿ ಒತ್ತಡವಿರುವವರೆಗೆ ಬಿರುಕಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ವಾಲ್ವ್ ಮುಚ್ಚಿದೊಡನೆ ಪೈಪು ಬರಿದಾಗುತ್ತಾ ಒಳಗೆ ಎಳೆತ ಹುಟ್ಟುತ್ತದೆ, ಅದೇ ಬಿರುಕಿನಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ಬರುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡದ ವಾಸನೆ ನಿಮಗೆಲ್ಲ ಪರಿಚಿತ. ಒತ್ತಡ ಸಾಲದೆ ಎಷ್ಟೋ ಮನೆಗಳವರು ನೆಲ ಅಗೆದು ಗುಂಡಿಯೊಳಗೆ ನಲ್ಲಿ ಇಳಿಸಿಕೊಂಡಿದ್ದಾರೆ. ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ಕೆಲವೊಮ್ಮೆ ಕಪ್ಪೆ. ನಲ್ಲಿಯ ಬಾಯಿ ಆ ನೀರಿನಲ್ಲಿ ಮುಳುಗಿರುತ್ತದೆ. ಉಳ್ಳವರು ನಲ್ಲಿಗೆ ಮೋಟಾರು ಹಚ್ಚಿ ಹೀರುತ್ತಾರೆ, ಬೀದಿಯ ಕೊನೆಯ ಮನೆಗೆ ಗಾಳಿ ಬರುತ್ತದೆ.

ಒತ್ತಡದ ಮಾತು ಬಂದಾಗಲೆಲ್ಲ ನನಗೆ ವಿಜಯಪುರ ನೆನಪಾಗುತ್ತದೆ. ಗೋಳಗುಮ್ಮಟ ನೋಡಲು ಹೋದವರು ಊರೊಳಗೆ ಅಲ್ಲಲ್ಲಿ ನಿಂತಿರುವ ಚೌಕ ಗೋಪುರಗಳನ್ನು ಗಮನಿಸುವುದಿಲ್ಲ. ಗಂಜ್ ಎನ್ನುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬಿನಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯುತ್ತಿತ್ತು. ಮಣ್ಣಿನ ಕೊಳವೆ ಹೆಚ್ಚು ಒತ್ತಡ ತಡೆಯದು. ಅದಕ್ಕಾಗಿ ದಾರಿಯಲ್ಲಿ ಈ ಗೋಪುರಗಳು. ನೀರು ಅಲ್ಲಿ ಮೇಲೇರಿ ಒತ್ತಡ ಇಳಿಸಿಕೊಂಡು, ಕೆಸರನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ಎಷ್ಟು ಚಂದದ ಯೋಚನೆ ನೋಡಿ. ಆದರೆ ತಳದ ಕೆಸರು ತಾನಾಗಿ ಹೋಗುವುದಿಲ್ಲ. ಯಾರೋ ಒಳಗೆ ಇಳಿದು ತೆಗೆಯುತ್ತಿದ್ದಿರಬೇಕು. ಸುಲ್ತಾನರ ಹೆಸರು ಕಲ್ಲಿನಲ್ಲಿದೆ, ಕೆಸರು ತೆಗೆದವನದು ಇಲ್ಲ.

ಅವನ ಹೆಸರು ನಮ್ಮ ಕಡೆ ನೀರುಗಂಟಿ. ಕೋಲಾರ, ಚಿಕ್ಕಬಳ್ಳಾಪುರದವರು ನೀರಗಂಟಿ ಎನ್ನುತ್ತೀರಿ. ಕೆರೆಯ ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು, ರಾತ್ರಿ ಏರಿಯ ಮೇಲೆ ಕಾವಲು ತಿರುಗುವವನು. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ಕೋಲಾರದ ಸೀಮೆಯಲ್ಲಿ ನೀರಗಂಟಿಗಳು ಹೆಚ್ಚಾಗಿ ದಲಿತರು. ಗೌಡನ ಗದ್ದೆಗೂ ಶಾನುಭೋಗನ ಗದ್ದೆಗೂ ಅವನು ಬಿಟ್ಟ ನೀರೇ ಹರಿಯಬೇಕು. ಅದೇ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಬಾವಿಕಟ್ಟೆಯ ದೂರದಲ್ಲಿ ಅವನ ಮನೆಯ ಹೆಂಗಸರು ಕೊಡ ಇಟ್ಟು, ಯಾರಾದರೂ ಕನಿಕರದಿಂದ ಸುರಿಯಲಿ ಎಂದು ಕಾಯುತ್ತಿದ್ದರು.

ಅಂಬೇಡ್ಕರ್ ಅವರು ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರು ಮುಟ್ಟುವಂತಿರದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು 1927ರ ಮಾರ್ಚ್ 20ರಂದು. ಹಳೆಯ ಕಥೆ ಎನ್ನಬೇಡಿ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಗೆ ಬಿಟ್ಟು ಗೋಮೂತ್ರದಿಂದ ತೊಳೆದ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಆಮೇಲೆ ಅಧಿಕಾರಿಗಳು ಬಂದು, ದಲಿತ ಕುಟುಂಬದವರನ್ನು ಕರೆದೊಯ್ದು ತೊಂಬೆಗಳ ನೀರು ಕುಡಿಸಿದರು. ನೀರಿನ ಪರೀಕ್ಷಾ ಕಿಟ್ಟಿನಲ್ಲಿ ಫ್ಲೋರೈಡಿಗೆ ಒಂದು ಸೀಸೆ ಇದೆ, ನೈಟ್ರೇಟಿಗೆ ಒಂದು, ಕಬ್ಬಿಣಕ್ಕೆ ಒಂದು. ಈ ರೋಗಕ್ಕೆ ಸೀಸೆ ಇಲ್ಲ.

ಮನೆ ನಲ್ಲಿಯನ್ನು ಇಷ್ಟು ಹೊತ್ತು ದೂರಿದೆನಲ್ಲ, ಇದೊಂದು ಕಾರಣಕ್ಕೆ ನಾನು ಅದರ ಪರ. ತನ್ನ ಹೊಸ್ತಿಲಿನಲ್ಲಿ ನಲ್ಲಿ ಇರುವ ಹೆಣ್ಣುಮಗಳು ಯಾರ ಕನಿಕರಕ್ಕೂ ಕಾಯಬೇಕಿಲ್ಲ. ಆದರೆ ಪೈಪಿನ ನಕಾಶೆ ತೆಗೆದು ನೋಡಿ: ದಲಿತರ ಕಾಲೊನಿ ಯಾವ ತುದಿಯಲ್ಲಿದೆ? ಬಹಳ ಊರುಗಳಲ್ಲಿ ಕೊನೆಯ ತುದಿಯಲ್ಲಿ. ಅಲ್ಲಿಗೆ ನೀರು ತಲುಪುವುದು ಒಬ್ಬನ ಕೈಯಲ್ಲಿದೆ. ಮೇಲಿನ ಬೀದಿಯ ವಾಲ್ವನ್ನು ಎಷ್ಟು ತಿರುಗಿಸಿದ, ಎಷ್ಟು ಹೊತ್ತಿಗೆ ಮುಚ್ಚಿದ ಎಂಬುದರಲ್ಲಿದೆ. ಆ ಒಬ್ಬನನ್ನು ಈಗ ಕಾಗದದಲ್ಲಿ ವಾಟರ್‌ಮ್ಯಾನ್ ಎನ್ನುತ್ತಾರೆ. ಊರಿನವರು ಸರಳವಾಗಿ ನೀರು ಬಿಡುವವನು ಎನ್ನುತ್ತಾರೆ.

ಅಂಥ ಒಬ್ಬರ ಜೊತೆ ನಾನು ಎರಡು ದಿನ ತಿರುಗಿದ್ದೇನೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂದಾಗ ಎದ್ದು, ಟಾರ್ಚು ಹಿಡಿದು, ಹಾವಿಗೆ ಹೆದರಿ ಕಾಲು ನೆಲಕ್ಕೆ ಬಡಿಯುತ್ತಾ ಪಂಪ್‌ಹೌಸಿಗೆ ಹೋಗುತ್ತಾರೆ. ಬೆಳಿಗ್ಗೆ ಐದೂವರೆಗೆ ಮೊದಲ ವಾಲ್ವ್. ಬೀದಿಗೆ ನಲವತ್ತು ನಿಮಿಷ. ಒಂದು ಕೆಂಪು ರಟ್ಟಿನ ಪುಸ್ತಕ ಇತ್ತು ಅವರ ಹತ್ತಿರ. ಯಾವ ದಿನ ಯಾವ ಬೀದಿ, ಎಲ್ಲಿ ಪೈಪು ಒಡೆದಿದೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಬರೆದಿಟ್ಟಿದ್ದರು. ಬಾಣಂತಿ ಏಕೆ ಎಂದೆ. "ಆ ಬೀದಿಗೆ ಹತ್ತು ನಿಮಿಷ ಜಾಸ್ತಿ ಸಾರ್" ಎಂದರು. ಅವರ ಸಂಬಳ ಮೂರು ತಿಂಗಳಿಂದ ಬಂದಿರಲಿಲ್ಲ.

ಬ್ಲೀಚಿಂಗ್ ಪೌಡರ್ ಹಾಕುತ್ತೀರಾ ಎಂದು ಕೇಳಿದೆ. ಮೊದಲು ಹಾಕುತ್ತಿದ್ದೆ, ಈಗ ಬಿಟ್ಟೆ ಎಂದರು. ಜನ ಬೈಯುತ್ತಾರೆ, ನೀರು ಔಷಧಿಯ ವಾಸನೆ ಬರುತ್ತದೆ ಎಂದು ಕೊಡ ತಂದು ಮುಂದೆ ಸುರಿಯುತ್ತಾರೆ. ಪಂಚಾಯಿತಿ ಸದಸ್ಯರೇ, ಇಲ್ಲಿ ನಿಮ್ಮ ಕೆಲಸವಿದೆ. ಲೆಕ್ಕ ಬರೆದುಕೊಳ್ಳಿ. 50 ಸಾವಿರ ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರಿನಲ್ಲಿ ಕ್ಲೋರಿನ್ ಕಾಲು ಭಾಗ ಎಂದುಕೊಂಡರೆ 400 ಗ್ರಾಂ ಪೌಡರ್. ಚೀಲ ಬಾಯಿ ತೆರೆದು ಇಟ್ಟರೆ ಕಸುವು ಹಾರಿಹೋಗುತ್ತದೆ, ಆಗ ನೀವು ಹಾಕುವುದು ಬರೀ ಸುಣ್ಣ. ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆಯ ಹನಿ ಹಾಕಿದರೆ ನೀರು ತಿಳಿ ಹಳದಿಯಾಗುತ್ತದೆ. ಕೊನೆಯ ಮನೆಯಲ್ಲಿ ಪರೀಕ್ಷಿಸಿ, ಪಂಚಾಯಿತಿ ಕಚೇರಿಯ ನಲ್ಲಿಯಲ್ಲಿ ಅಲ್ಲ. ಆ ಸಣ್ಣ ವಾಸನೆ ಪೈಪಿನ ಬಿರುಕಿಗೆ ಕಾವಲು ಎಂದು ಗ್ರಾಮಸಭೆಯಲ್ಲಿ ನೀವು ಹೇಳಬೇಕು. ನೀರು ಬಿಡುವವರು ಒಬ್ಬರೇ ಬೈಗುಳ ತಿನ್ನುವಂತಾಗಬಾರದು.

ಪ್ರತಿ ಊರಿನ ಐದು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕು ಎಂಬ ನಿಯಮ ಜಲ ಜೀವನ ಮಿಷನ್ ಯೋಜನೆಯಲ್ಲಿದೆ. ನನಗೆ ಬಹಳ ಹಿಡಿಸಿದ ನಿಯಮ. ನಿಮ್ಮ ಪಂಚಾಯಿತಿಯಲ್ಲಿ ಆ ಐವರು ಯಾರು, ಕಿಟ್ಟು ಎಲ್ಲಿದೆ? ಕೆಲವು ಕಡೆ ಅದು ಬೀರುವಿನಲ್ಲಿ ಸೀಲು ಒಡೆಯದೆ ಇದ್ದು, ಒಳಗಿನ ರಾಸಾಯನಿಕದ ಅವಧಿ ಮುಗಿದಿರುತ್ತದೆ. ರೋಗಾಣು ಪರೀಕ್ಷೆಯ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಸಾಕು, ಕೆಟ್ಟ ನೀರಾದರೆ ಕಪ್ಪಾಗುತ್ತದೆ. ಕಪ್ಪಾದ ಸೀಸೆಯನ್ನು ಗ್ರಾಮಸಭೆಯ ಮೇಜಿನ ಮೇಲೆ ಇಟ್ಟು ನೋಡಿ. ನನ್ನ 31 ವರ್ಷದ ವರದಿಗಳಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಹಾಗಾದರೆ ಫ್ಲೋರೈಡಿನ ಸೀಮೆಗೆ ದಾರಿಯೇನು ಎಂದು ಕೇಳುತ್ತೀರಿ. ದೂರದ ನದಿಯ ನೀರು ಒಂದು ದಾರಿ, ಪಾವಗಡದ ಕಡೆಗೆ ತುಂಗಭದ್ರೆಯ ಹಿನ್ನೀರು ತರುವ ಯೋಜನೆ ಅಂಥದ್ದು. ಒಳ್ಳೆಯದೇ. ನೂರಾರು ಕಿಲೋಮೀಟರಿನ ಪೈಪಿಗೆ ನೂರಾರು ಕೀಲುಗಳು, ಅಷ್ಟೇ ಎರಡನೆಯ ಭೇಟಿಗಳು ಬೇಕು ಎಂದಷ್ಟೇ ಹೇಳುತ್ತೇನೆ. ಅಲ್ಲಿಯವರೆಗೆ ತಲೆಯ ಮೇಲಿನ ಸೂರು ನೋಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 40 ಚದರ ಮೀಟರಿನ ಸೂರು, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದರೆ 20 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಸೋರಿತು ಎಂದುಕೊಳ್ಳಿ, 16 ಸಾವಿರ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. 640 ದಿನಕ್ಕೆ ಬರುತ್ತದೆ. ಬಂಡೆಯನ್ನೇ ಮುಟ್ಟದ ನೀರಾದ್ದರಿಂದ ಫ್ಲೋರೈಡಿನ ಭಯವಿಲ್ಲ. ಕಷ್ಟವಿರುವುದು ತೊಟ್ಟಿಯಲ್ಲಿ: ಅಷ್ಟು ನೀರು ಕೂಡಿಡುವ ಜಾಗ, ಹಣ ಬಡ ಮನೆಗೆ ಎಲ್ಲಿದೆ? ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಸೂರು ಗುಡಿಸಬೇಕು, ತೊಟ್ಟಿಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗಬಾರದು. ಇಲ್ಲಿಯೂ ಅದೇ, ನೋಡಿಕೊಳ್ಳುವವರು ಬೇಕು. ಆದರೆ ಇಲ್ಲಿ ನೋಡಿಕೊಳ್ಳುವವರು ಕುಡಿಯುವವರೇ ಆಗಿರುತ್ತಾರೆ.

"ನೀವು ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಸಾರ್?" ಎಂದು ಆ ಮೂಲೆಯಿಂದ ಒಬ್ಬಳು ಹುಡುಗಿ ಕೇಳುತ್ತಿದ್ದಾಳೆ. ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ಸಾವಿರ ಲೀಟರಿನ ಮಳೆ ನೀರಿನ ತೊಟ್ಟಿ ಇದೆ. ಅಕ್ಟೋಬರ್ ಕೊನೆಗೆ ತುಂಬಿದ್ದು ನಾನು, ನನ್ನ ಹೆಂಡತಿ ಇಬ್ಬರಿಗೆ ಮೇ ಮಧ್ಯದವರೆಗೆ ಬರಬೇಕು. ಆದರೆ ಬೇಸಿಗೆ ರಜೆಗೆ ಮಗಳು ಮಕ್ಕಳನ್ನು ಕರೆತರುತ್ತಾಳೆ, ಏಪ್ರಿಲ್ ಮುಗಿಯುವಷ್ಟರಲ್ಲಿ ತಳ ಕಾಣುತ್ತದೆ. ಆಮೇಲೆ ಮಳೆ ಬರುವವರೆಗೆ ನಾನೂ ಕ್ಯಾನ್ ಹಿಡಿದು ಘಟಕದ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಐದು ರೂಪಾಯಿ ಹಾಕಿದೆ. ಯಂತ್ರ ನಾಣ್ಯ ನುಂಗಿತು, ನೀರು ಬರಲಿಲ್ಲ. ಕನ್ನಡಕ ಹಾಕಿಕೊಂಡು ಅದರ ಮೀಟರ್, ವಾಲ್ವ್ ಎಲ್ಲ ಪರಿಶೀಲಿಸುತ್ತಾ ನಿಂತೆ. ಹಿಂದೆ ನಿಂತಿದ್ದ ಏಳೆಂಟು ವರ್ಷದ ಹುಡುಗಿಗೆ ತಾಳ್ಮೆ ತಪ್ಪಿತು. "ತಾತ, ಎಡಗಡೆ ಮೇಲಕ್ಕೆ ಒಂದು ಗುದ್ದು ಹಾಕಿ" ಎಂದಳು. ಹಾಕಿದೆ. ನೀರು ಬಂತು.